ನಾಲಿಗೆಯಂಥ ಎಲೆ

ನಮ್ಮ ಕೃಷ್ಣಾ ತೀರದಲ್ಲಿ ಊರುಗಳ ಹೆಸರು ಜೋಡಿಯಾಗಿ ಬರುವುದು ಹೊಸದಲ್ಲ. ಉಗಾರ ಬುದ್ರುಕ, ಉಗಾರ ಖುರ್ದ. ಬುದ್ರುಕ ಎಂದರೆ ದೊಡ್ಡದು, ಹಿರಿಯದು. ಖುರ್ದ ಎಂದರೆ ಚಿಕ್ಕದು. ಎರಡೂ ಪಾರಸಿ ಮೂಲದ ಮಾತುಗಳು. ಬುಜುರ್ಗ್ ಎಂಬ ಶಬ್ದ ಮರಾಠಿ ಬಾಯಲ್ಲಿ ಬುದ್ರುಕವಾಗಿ, ಅಲ್ಲಿಂದ ನಮ್ಮ ಕನ್ನಡಕ್ಕೂ ಇಳಿದು ಬಂತು. ಸುಲ್ತಾನರ ಕಾಲದ ದಫ್ತರದ ಭಾಷೆ ಪಾರಸಿ. ಸುಲ್ತಾನರು ಹೋದರು, ಅವರ ಕಾರಕೂನರೂ ಹೋದರು. ಇಂದು ನಮ್ಮ ಓಣಿಗಳಲ್ಲಿ ಪಾರಸಿ ಆಡುವವರು ಯಾರೂ ಇಲ್ಲ. ಆದರೂ ಬಸ್ಸಿನ ಬೋರ್ಡಿನ ಮೇಲೆ, ರೇಶನ್ ಕಾರ್ಡಿನ ಮೇಲೆ, ಲಗ್ನಪತ್ರಿಕೆಯ ಮೇಲೆ ಆ ಮಾತು ಉಳಿದುಕೊಂಡಿದೆ. ತಮಾಷೆಯೆಂದರೆ ಹೆಸರಿಗೆ ಚಿಕ್ಕದಾದ ಉಗಾರ ಖುರ್ದದಲ್ಲೇ ರೈಲ್ವೆ ನಿಲ್ದಾಣವಿದೆ, 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರಖಾನೆಯೂ ಇದೆ. ಹೆಸರು ಇಟ್ಟವರ ಕಾಲದಲ್ಲಿ ದೊಡ್ಡದು ಯಾವುದಿತ್ತು ಎಂಬುದನ್ನು ಹೆಸರು ಹಾಗೆಯೇ ಹಿಡಿದಿಟ್ಟುಕೊಂಡಿದೆ.

ಹೀಗೆ ಬದುಕಿದ್ದವರು ಹೋಗಿ ಗುರುತು ಮಾತ್ರ ಉಳಿಯುವುದನ್ನು ಮಾತಿನಲ್ಲಿ ಕಂಡಂತೆ ಕಲ್ಲಿನಲ್ಲೂ ಕಾಣಬಹುದು. ಅದಕ್ಕೆ ಪಳೆಯುಳಿಕೆ ಎನ್ನುತ್ತಾರೆ. ನಾನು ಹೇಳಹೊರಟಿರುವುದು ಅಂಥದೊಂದು ಪಳೆಯುಳಿಕೆಯ ಕಥೆ. ಅದು ರಾಜರದಲ್ಲ, ಗುಡಿಗಳದಲ್ಲ. ಒಂದು ಮರದ ಎಲೆಯದು. ಕಲ್ಲಿದ್ದಲಿನ ಗಣಿಗಳಲ್ಲಿ ಸಿಗುವ, ಸುಮಾರು 30 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ ಚಿಗುರಿ ಉದುರಿದ ಎಲೆ.

ಮೊದಲೇ ಹೇಳಿಬಿಡುತ್ತೇನೆ, ಈ ಎಲೆ ಉಗಾರದ ನೆಲದಲ್ಲಿ ಸಿಗುವುದಿಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಬಾವಿ ತೋಡಿಸಿದವರಿಗೆ ಗೊತ್ತು, ಎರಿ ಮಣ್ಣಿನ ಕೆಳಗೆ ಕರಿಯ ಗಟ್ಟಿ ಕಲ್ಲು. ಅದು ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ತಣಿದು ಆದ ಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನದು. ಎಲೆಯ ಲೆಕ್ಕದಲ್ಲಿ ನೋಡಿದರೆ ತೀರ ನಿನ್ನೆ ಮೊನ್ನೆಯದು. ಉರಿಯುವ ಲಾವಾದಲ್ಲಿ ಎಲೆ ಉಳಿಯುವುದು ಹೇಗೆ? ನಮ್ಮಲ್ಲಿ ಕಲ್ಲಿದ್ದಲಿನ ಗಣಿಯೂ ಇಲ್ಲ. ಆದರೆ ಕಲ್ಲಿದ್ದಲು ಮಾತ್ರ ರೈಲು ಹತ್ತಿ ನಮ್ಮ ಮನೆ ಬಾಗಿಲಿಗೇ ಬಂತು.

ಮೀರಜದಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿ ಉಗೀಬಂಡಿ ಓಡುತ್ತಿದ್ದ ಕಾಲವನ್ನು ಕಂಡವರು ನಿಮ್ಮಲ್ಲಿ ಇನ್ನೂ ಇರಬಹುದು. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಎಂದು ಒಂದೊಂದೇ ನಿಲ್ದಾಣ ಹಿಡಿದು ಗಾಡಿ ಹೋಗುತ್ತಿತ್ತು. ಕಿಟಕಿಯ ಹತ್ತಿರ ಕೂತವರ ಕಣ್ಣಿಗೆ ಕಿಡಿ ಬೀಳುತ್ತಿತ್ತು, ಬಿಳಿಯ ಸೀರೆಯ ಮೇಲೆ ಕಪ್ಪು ಚುಕ್ಕೆ ಕೂಡುತ್ತಿತ್ತು. ಇಂಜಿನ್ನಿನವರು ಹಳಿಯ ಬದಿಗೆ ಸುರಿದುಹೋದ ಬೂದಿಯಲ್ಲಿ ಅರೆಬೆಂದ ಚೂರುಗಳು ಉಳಿದಿರುತ್ತಿದ್ದವು. ಬಡವರ ಮನೆಯ ಹೆಂಗಸರು ಬುಟ್ಟಿ ಹಿಡಿದುಕೊಂಡು ಹೋಗಿ ಅದನ್ನು ಆರಿಸಿ ತರುತ್ತಿದ್ದರು. ಶೆಗಡಿಗೆ ಅದು, ಸ್ನಾನದ ನೀರು ಕಾಯಿಸುವ ಬಂಬಕ್ಕೆ ಅದು, ಕಮ್ಮಾರನ ಕುಲುಮೆಗೂ ಅದೇ.

ಕಲ್ಲಿದ್ದಲು ಎಂಬ ನಮ್ಮ ಮಾತೇ ಚೆನ್ನಾಗಿದೆ. ಇದ್ದಲು ಎಂದರೆ ಕಟ್ಟಿಗೆ ಸುಟ್ಟು ಮಾಡಿದ್ದು. ಅದಕ್ಕೆ ಕಲ್ಲು ಸೇರಿ ಕಲ್ಲಿದ್ದಲು. ಹಳಿಯ ಬದಿಗೆ ಅಜ್ಜಿಯ ಸೆರಗು ಹಿಡಿದು ಹೋದ ಯಾವ ಮಗುವಾದರೂ ಕೇಳಬಹುದಾದ ಪ್ರಶ್ನೆಯೊಂದು ಈ ಮಾತಿನೊಳಗೇ ಇದೆ.

"ಆಯಿ, ಈ ಕಲ್ಲ ಯಾರ ಸುಟ್ಟಾರ?"

"ಭೂಮಿತಾಯಿ ಸುಟ್ಟಾಳ. ನೀ ಸುಮ್ಮ ಆರಸ ನೋಡೂಣು."

ಅಜ್ಜಿಯರ ಉತ್ತರ ಅರ್ಧ ಸರಿ. ಭೂಮಿತಾಯಿಯದೇ ಕೆಲಸ, ಆದರೆ ಸುಟ್ಟಿದ್ದಲ್ಲ, ಸುಡದೆ ಮುಚ್ಚಿಟ್ಟಿದ್ದು. ಜವುಗು ನೆಲದ ಕಾಡಿನಲ್ಲಿ ಮರಗಳು ಬೀಳುತ್ತವೆ, ಎಲೆ ಉದುರುತ್ತದೆ, ತೊಗಟೆ, ಬೇರು, ಬೀಜ ಎಲ್ಲ ನಿಂತ ನೀರಿನಲ್ಲಿ ಮುಳುಗುತ್ತವೆ. ಗಾಳಿ ಇಲ್ಲದ ಕಡೆ ಕೊಳೆಯುವುದು ಕಡಿಮೆ. ಒಂದರ ಮೇಲೊಂದು ಬಿದ್ದು ರಾಶಿಯಾಗುತ್ತದೆ. ಆಮೇಲೆ ಹೊಳೆ ದಿಕ್ಕು ಬದಲಿಸಿ ಅದರ ಮೇಲೆ ಕೆಸರು ಮರಳು ತಂದು ಹಾಕುತ್ತದೆ. ಆ ಭಾರಕ್ಕೆ, ಒಳಗಿನ ಕಾವಿಗೆ, ಕೋಟಿಗಟ್ಟಲೆ ವರ್ಷಗಳಲ್ಲಿ ನೀರೆಲ್ಲ ಹಿಂಡಿಹೋಗಿ ರಾಶಿಯು ಕರಿಯ ಕಲ್ಲಾಗುತ್ತದೆ. ಎಷ್ಟೋ ಆಳದ ರಾಶಿ ಒಂದು ಮೊಳ ದಪ್ಪದ ಕಲ್ಲಿದ್ದಲಾಗಿ ಕೂರುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಲ್ಲಿದ್ದಲಿನ ತುಂಡು ಒಡೆದು ನೋಡಿದರೆ ಎಲೆ ಕಾಣುವುದು ಅಪರೂಪ. ಅಲ್ಲಿ ಎಲ್ಲವೂ ಒಂದರೊಳಗೊಂದು ಕೂಡಿಹೋಗಿ ಗುರುತು ಅಳಿಸಿರುತ್ತದೆ. ಎಲೆ ಸಿಗುವುದು ಕಲ್ಲಿದ್ದಲಿನ ಪದರದ ಮೇಲೆ ಕೆಳಗೆ ಇರುವ ಹಾಳೆಗಲ್ಲಿನಲ್ಲಿ. ನುಣ್ಣನೆಯ ಕೆಸರು ಗಟ್ಟಿಯಾಗಿ ಪದರು ಪದರಾಗಿ ಏಳುವ ಈ ಕಲ್ಲನ್ನು ಶೇಲ್ ಎನ್ನುತ್ತಾರೆ. ಹೊಳೆಯ ಕೆಸರಿನ ಮೇಲೆ ಬಿದ್ದ ಎಲೆಯ ಮೇಲೆ ಇನ್ನೊಂದು ಪದರ ಕೆಸರು ಮೆಲ್ಲಗೆ ಕೂತಿತು. ಪುಸ್ತಕದ ನಡುವೆ ಇಟ್ಟ ಹೂವಿನ ಹಾಗೆ ಎಲೆ ಅಲ್ಲಿ ಚಪ್ಪಟೆಯಾಗಿ ಉಳಿಯಿತು. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಹೋಳಿಗೆಯ ಪದರಿನಂತೆ ಕಲ್ಲು ಎರಡಾಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ಎಲೆ.

ಅದರ ಆಕಾರ ನಾಲಿಗೆಯದು. ಬುಡದಲ್ಲಿ ಕಿರಿದು, ನಡುವೆ ಅಗಲ, ತುದಿ ದುಂಡಗೆ ಅಥವಾ ಚೂಪಾಗಿ. ನಡುವೆ ಎದ್ದು ಕಾಣುವ ದಂಟು. ದೂರದಿಂದ ಕಂಡರೆ ಯುಗಾದಿಗೆ ಬಾಗಿಲಿಗೆ ಕಟ್ಟುವ ಮಾವಿನ ಎಲೆಯೇ ಎನ್ನಬೇಕು. ಹತ್ತಿರದಿಂದ ನೋಡಿದರೆ ಬೇರೆ. ಇದರಲ್ಲಿ ಅಡ್ಡ ನರಗಳು ಅಂಚಿನ ಕಡೆಗೆ ಬಾಗುತ್ತಾ ಹೋಗಿ ಒಂದಕ್ಕೊಂದು ಕೂಡಿಕೊಂಡು ಸಣ್ಣ ಬಲೆ ಹೆಣೆದಂತಿರುತ್ತವೆ. ಬೆರಳುದ್ದದ ಎಲೆಗಳೂ ಇವೆ, ಮೊಳದಷ್ಟು ಉದ್ದದವೂ ಇವೆ. ಫ್ರಾನ್ಸಿನ ಅಡೋಲ್ಫ್ ಬ್ರೋನಿಯಾರ್ ಎಂಬ ವಿದ್ವಾಂಸ 1828ರಲ್ಲಿ, ಭಾರತದಿಂದಲೂ ಆಸ್ಟ್ರೇಲಿಯದಿಂದಲೂ ಬಂದ ಇಂಥ ಎಲೆಗಳನ್ನು ನೋಡಿ ಗ್ಲಾಸಾಪ್ಟೆರಿಸ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಗ್ಲಾಸ್ಸಾ ಎಂದರೆ ನಾಲಿಗೆ, ಟೆರಿಸ್ ಎಂದರೆ ಜರಿಗಿಡ. ಜರಿಗಿಡದ ಜಾತಿಯದೆಂದು ಆತ ತಿಳಿದಿದ್ದ. ಮರದಿಂದ ಬೇರೆಯಾಗಿ ಬಿದ್ದ ಎಲೆಯಷ್ಟೇ ಕೈಗೆ ಸಿಕ್ಕಾಗ ಮರ ಎಂಥದೆಂದು ಹೇಳುವುದು ಸುಲಭವಲ್ಲ.

ಭಾರತದಲ್ಲಿ ಈ ಎಲೆಯ ಮೇಲೆ ಕಣ್ಣು ಬಿದ್ದದ್ದು ಎಲೆಯ ಮೇಲಿನ ಪ್ರೀತಿಯಿಂದಲ್ಲ. ಕಂಪನಿ ಸರಕಾರಕ್ಕೆ ಕಲ್ಲಿದ್ದಲು ಬೇಕಾಗಿತ್ತು. ಬಂಗಾಲದ ರಾಣಿಗಂಜ್ ಪ್ರದೇಶದಲ್ಲಿ 1774ರಲ್ಲೇ ಗಣಿ ತೋಡುವ ಕೆಲಸ ಶುರುವಾಗಿತ್ತು. ಹಡಗುಗಳಿಗೆ, ಆಮೇಲೆ ರೈಲಿಗೆ ಉರುವಲು ಬೇಕಾಯಿತು. 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹುಟ್ಟಿದ್ದೇ ಬಹುಮಟ್ಟಿಗೆ ಕಲ್ಲಿದ್ದಲು ಹುಡುಕುವುದಕ್ಕಾಗಿ. 1855ರಲ್ಲಿ ಹೌರಾದಿಂದ ರಾಣಿಗಂಜ್‌ವರೆಗೆ ರೈಲು ಓಡಿತು. ಎಲ್ಲಿ ನಾಲಿಗೆಯಂಥ ಎಲೆ ಇದೆಯೋ ಅಲ್ಲಿ ಹತ್ತಿರದಲ್ಲೇ ಕಲ್ಲಿದ್ದಲು ಇರಬಹುದು ಎಂಬುದು ಹುಡುಕುವವರಿಗೆ ಗುರುತಾಯಿತು. ಒಟ್ಟೋಕಾರ್ ಫೈಸ್ಟ್‌ಮಂಟೆಲ್ ಎಂಬವರು ಈ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರ ಬರೆಯಿಸಿ ಸಂಪುಟಗಳನ್ನೇ ಹೊರತಂದರು.

ಈ ಕಲ್ಲುಗಳ ಸಮೂಹಕ್ಕೆ ಒಂದು ಹೆಸರು ಬೇಕಾಗಿತ್ತು. ಸರ್ವೇಕ್ಷಣೆಯ ಎಚ್. ಬಿ. ಮೆಡ್ಲಿಕಾಟ್ 1872ರಲ್ಲಿ ಗೊಂಡ್ವಾನಾ ಎಂದು ಕರೆದರು. ಅದು ಅಚ್ಚಾದದ್ದು 1876ರಲ್ಲಿ. ಗೊಂಡರ ನಾಡು ಗೊಂಡ್ವಾನಾ. ಅಕಬರನ ಸೈನ್ಯವನ್ನು ಎದುರಿಸಿ 1564ರಲ್ಲಿ ಪ್ರಾಣಕೊಟ್ಟ ರಾಣಿ ದುರ್ಗಾವತಿ ಆಳಿದ್ದು ಇದೇ ಗೊಂಡರ ಸೀಮೆಯನ್ನು. ಗೊಂಡಿ ಭಾಷೆ ದ್ರಾವಿಡ ಭಾಷೆ, ನಮ್ಮ ಕನ್ನಡದ ಬಳಗದ್ದು. ಮುಂದೆ ಆಸ್ಟ್ರಿಯಾದ ಎಡ್ವರ್ಡ್ ಸೂಸ್ 1885ರಲ್ಲಿ ಈ ಹೆಸರನ್ನು ಇನ್ನೂ ಹಿಗ್ಗಿಸಿ ಗೊಂಡ್ವಾನಾಲ್ಯಾಂಡ್ ಎಂಬ ಮಹಾಖಂಡವೊಂದಿತ್ತು ಎಂದ. ಇಂದು ಜಗತ್ತಿನ ಯಾವ ದೇಶದ ಶಾಲೆಯ ಮಕ್ಕಳೇ ಆಗಲಿ ಹಳೆಯ ಮಹಾಖಂಡದ ಪಾಠ ಓದುವಾಗ ನಮ್ಮ ಮಧ್ಯಭಾರತದ ಒಂದು ಬುಡಕಟ್ಟಿನ ಹೆಸರನ್ನು ಉಚ್ಚರಿಸಬೇಕು. ತಮ್ಮ ಕಾಡು ಕಳೆದುಕೊಂಡ ಗೊಂಡರಿಗೆ ಇದರಿಂದ ಹೊಟ್ಟೆ ತುಂಬಿಲ್ಲ, ನಿಜ. ಆದರೂ ಹೆಸರು ಉಳಿದಿದೆ.

ಸೂಸ್‌ಗೆ ಆ ಧೈರ್ಯ ಬಂದದ್ದು ಮುಖ್ಯವಾಗಿ ಈ ಎಲೆಯಿಂದ. ಭಾರತದಲ್ಲಿ ಕಂಡ ಎಲೆಯೇ ದಕ್ಷಿಣ ಆಫ್ರಿಕದಲ್ಲಿತ್ತು, ಆಸ್ಟ್ರೇಲಿಯದಲ್ಲಿತ್ತು. ದಕ್ಷಿಣ ಅಮೆರಿಕದಲ್ಲೂ ಸಿಕ್ಕಿತು. ನಡುವೆ ಸಾವಿರಾರು ಮೈಲಿ ಸಮುದ್ರ. ಒಂದೇ ಜಾತಿಯ ಮರ ಇಷ್ಟು ಕಡೆ ಹೇಗೆ ಹುಟ್ಟಿತು? ದಕ್ಷಿಣ ಧ್ರುವದ ಹಿಮದ ನಾಡಿನಲ್ಲೂ ಅದು ಸಿಕ್ಕಿದ ಬಗೆ ಮಾತ್ರ ಮನಸ್ಸನ್ನು ಕಲಕುವಂಥದು. ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ಮತ್ತು ನಾಲ್ವರು ಸಂಗಡಿಗರು 1912ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದರು. ತಮಗಿಂತ ಮೊದಲೇ ನಾರ್ವೆಯವರು ಬಂದು ಹೋಗಿದ್ದರು. ಸೋತ ಮನಸ್ಸಿನಿಂದ, ಹಸಿದ ಹೊಟ್ಟೆಯಿಂದ ಹಿಂದಿರುಗುವಾಗ ಫೆಬ್ರವರಿಯಲ್ಲಿ ಬಿಯರ್ಡ್‌ಮೋರ್ ಹಿಮನದಿಯ ಬದಿಯ ಬಂಡೆಗಳಲ್ಲಿ ತಂಡದ ಡಾಕ್ಟರ್ ಎಡ್ವರ್ಡ್ ವಿಲ್ಸನ್‌ಗೆ ಕಲ್ಲಿದ್ದಲಿನ ಪದರಗಳೂ ಎಲೆಯ ಗುರುತಿನ ಕಲ್ಲುಗಳೂ ಕಂಡವು. ಅವನ್ನು ಆರಿಸಿ ಜಾರುಬಂಡಿಗೆ ಹಾಕಿಕೊಂಡರು. ಮಾರ್ಚ್ ಮುಗಿಯುವುದರೊಳಗೆ ಐವರೂ ತೀರಿಕೊಂಡರು. ನವೆಂಬರಿನಲ್ಲಿ ಹುಡುಕಿಕೊಂಡು ಹೋದವರಿಗೆ ಡೇರೆಯೊಳಗೆ ಮೂವರ ದೇಹಗಳು ಸಿಕ್ಕವು. ಅವರ ಜೊತೆ ಸುಮಾರು 16 ಕಿಲೋ ಕಲ್ಲುಗಳೂ ಸಿಕ್ಕವು. ಸಾಯುವ ಹೊತ್ತಿನಲ್ಲೂ ಆ ಭಾರವನ್ನು ಇಳಿಸಿರಲಿಲ್ಲ. ಕೇಂಬ್ರಿಜ್‌ನ ಪ್ರೊಫೆಸರ್ ಎ. ಸಿ. ಸೀವರ್ಡ್ 1914ರಲ್ಲಿ ಅವನ್ನು ಪರೀಕ್ಷಿಸಿ ವರದಿ ಬರೆದರು. ನಮ್ಮ ರಾಣಿಗಂಜ್‌ನ ನಾಲಿಗೆಯಂಥ ಎಲೆಯೇ ಅದು.

ಅದೇ 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್, ಖಂಡಗಳು ಮೊದಲು ಕೂಡಿಕೊಂಡಿದ್ದು ಆಮೇಲೆ ಸರಿದು ದೂರವಾದವು ಎಂದು ಹೇಳಿದ. ಎಲೆಯ ಸಾಕ್ಷಿ ಅವನ ಕೈಯಲ್ಲಿತ್ತು. ಆದರೂ ದೊಡ್ಡ ದೊಡ್ಡವರು ನಕ್ಕರು. ಅಷ್ಟು ದೊಡ್ಡ ನೆಲ ಸರಿಯುವುದೆಂದರೇನು? 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವನೂ ತೀರಿಕೊಂಡ. 1960ರ ದಶಕದಲ್ಲಿ ಸಮುದ್ರತಳದ ಅಧ್ಯಯನಗಳು ಬಂದ ಮೇಲೆಯೇ ಜಗತ್ತು ಆ ಮಾತನ್ನು ಒಪ್ಪಿದ್ದು. ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ದಕ್ಷಿಣ ಧ್ರುವದ ನೆಲ, ಎಲ್ಲವೂ ಒಂದೇ ಮನೆಯ ಕೋಣೆಗಳಾಗಿದ್ದವು. ಆ ಕಾಲದಲ್ಲಿ ನಮ್ಮ ನೆಲ ಬಹಳ ದೂರದ ದಕ್ಷಿಣದಲ್ಲಿತ್ತು, ಚಳಿಯ ಸೀಮೆಯಲ್ಲಿತ್ತು. ಗ್ಲಾಸಾಪ್ಟೆರಿಸ್ ಮರಗಳ ಕಾಂಡದಲ್ಲಿ ವರ್ಷ ವರ್ಷದ ಬಳೆಗಳು ಕಾಣುತ್ತವೆ. ಎಲೆಗಳು ರಾಶಿ ರಾಶಿಯಾಗಿ ಒಟ್ಟಿಗೆ ಸಿಗುತ್ತವೆ. ಚಳಿಗಾಲ ಬಂತೆಂದರೆ ಕಾಡಿಗೆ ಕಾಡೇ ಎಲೆ ಉದುರಿಸುತ್ತಿತ್ತು ಎಂಬುದಕ್ಕೆ ಅದು ಗುರುತು.

ಇನ್ನು ಈ ಎಲೆಯನ್ನು ಕಾಯ್ದವರ ಮಾತು. ಸೀವರ್ಡ್ ಅವರ ಶಿಷ್ಯರಲ್ಲಿ ಒಬ್ಬರು ಪಂಜಾಬಿನ ಬೀರಬಲ್ ಸಾಹನಿ. ಭಾರತಕ್ಕೆ ಮರಳಿ ಲಖನೌ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆದರು. ಹೆಂಡತಿ ಸಾವಿತ್ರಿ ಅವರ ಜೊತೆಗೆ ಬೆಟ್ಟ ಕಾಡು ಸುತ್ತಿದರು. ಮಕ್ಕಳಿರಲಿಲ್ಲ. 1946ರಲ್ಲಿ ದಂಪತಿಗಳು ತಮ್ಮ ಆಸ್ತಿ, ಪುಸ್ತಕ, ಕೂಡಿಸಿದ ಪಳೆಯುಳಿಕೆಗಳನ್ನೆಲ್ಲ ಕೊಟ್ಟು ಪುರಾತನ ಸಸ್ಯಗಳ ಅಧ್ಯಯನಕ್ಕೆಂದೇ ಸಂಸ್ಥೆಯೊಂದನ್ನು ಕಟ್ಟಲು ಹೊರಟರು. 1949ರ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದರು. ಆ ಅಡಿಗಲ್ಲಿನಲ್ಲಿ ಲೋಕದ ಬೇರೆ ಬೇರೆ ಕಡೆಯ 77 ಪಳೆಯುಳಿಕೆಗಳನ್ನು ಕೂಡಿಸಿ ಕೂರಿಸಲಾಗಿತ್ತು. ಅದಾದ ಒಂದೇ ವಾರಕ್ಕೆ, ಏಪ್ರಿಲ್ 10ರಂದು, ಹೃದಯಾಘಾತದಿಂದ ಸಾಹನಿ ತೀರಿಕೊಂಡರು.

ಗಂಡ ಹೋದ ಮನೆಯಲ್ಲಿ, ಗೋಡೆ ಏಳದ ಸಂಸ್ಥೆಯ ಮುಂದೆ ಸಾವಿತ್ರಿ ಒಬ್ಬರೇ ಉಳಿದರು. ಪುರಾಣದ ಸಾವಿತ್ರಿ ಗಂಡನ ಪ್ರಾಣವನ್ನು ಬೇಡಿ ತಂದಳು. ಈ ಸಾವಿತ್ರಿಗೆ ಅದು ಸಾಧ್ಯವಾಗದಿದ್ದರೂ ಗಂಡನ ಕೆಲಸವನ್ನು ಸಾಯಲು ಬಿಡಲಿಲ್ಲ. ಸಂಸ್ಥೆಯ ಹೊಣೆ ಹೊತ್ತರು, ಕಟ್ಟಡ ಎಬ್ಬಿಸಿದರು. 1953ರ ಜನವರಿಯಲ್ಲಿ ನೆಹರೂ ಅವರೇ ಬಂದು ಅದನ್ನು ಉದ್ಘಾಟಿಸಿದರು. 1969ರವರೆಗೂ, ಅಂದರೆ ಇಪ್ಪತ್ತು ವರ್ಷ, ಸಾವಿತ್ರಿ ಸಾಹನಿ ಅದರ ಅಧ್ಯಕ್ಷೆಯಾಗಿದ್ದರು. ಆ ವರ್ಷವೇ ಪದ್ಮಶ್ರೀ ಬಂತು. ಪುಸ್ತಕಗಳಲ್ಲಿ ಅವರ ಹೆಸರು ಗಂಡನ ಹೆಸರಿನ ಕೆಳಗೆ ಒಂದು ಸಾಲು. ಆ ಒಂದು ಸಾಲಿನ ಹಿಂದೆ ಇಪ್ಪತ್ತು ವರ್ಷಗಳ ಲೆಕ್ಕಪತ್ರ, ಓಡಾಟ, ಬೇಡಿಕೆ, ಜಗಳ ಎಷ್ಟಿರಬೇಕೆಂದು ಒಂದು ಮಹಿಳಾ ಮಂಡಳ ನಡೆಸಿದವರಿಗೂ ಅರ್ಥವಾದೀತು.

ಇನ್ನೊಬ್ಬಾಕೆ ದಕ್ಷಿಣ ಆಫ್ರಿಕದ ಎಡ್ನಾ ಪ್ಲಮ್‌ಸ್ಟೆಡ್. ವೆರೀನಿಗಿಂಗ್ ಎಂಬಲ್ಲಿಯ ಕಲ್ಲಿದ್ದಲು ಪ್ರದೇಶದಲ್ಲಿ ಸಿಕ್ಕ ಎಲೆಗಳನ್ನು ನೋಡುವಾಗ ಕೆಲವು ಎಲೆಗಳ ಮೇಲೆಯೇ ಬೀಜ ಹೊರುವ ಅಂಗಗಳು ಅಂಟಿಕೊಂಡಿರುವುದನ್ನು ಗುರುತಿಸಿ 1952ರಲ್ಲಿ ಪ್ರಕಟಿಸಿದರು. ಬ್ರೋನಿಯಾರ್ ಹೆಸರಿಟ್ಟು ಆಗಲೇ 124 ವರ್ಷಗಳಾಗಿದ್ದವು. ಇದು ಜರಿಗಿಡವಲ್ಲ, ಬೀಜದ ಮರ ಎಂಬ ಊಹೆ ಮೊದಲೇ ಇದ್ದರೂ ಎಲೆಗೇ ಅಂಟಿದ ಸಾಕ್ಷಿ ತೋರಿಸಿದ್ದು ಆಕೆ. ಅವರು ವಿವರಿಸಿದ ರೀತಿಯನ್ನು ಎಲ್ಲರೂ ಒಡನೆ ಒಪ್ಪಲಿಲ್ಲ. ವಾದ ನಡೆಯಿತು. ಆಮೇಲೆ ನಮ್ಮ ಲಖನೌ ಸಂಸ್ಥೆಯ ಕೆ. ಆರ್. ಸುರಂಗೆ ಮತ್ತು ಶೈಲಾ ಚಂದ್ರ ಅವರು ಒಡಿಶಾದ ಹಂಡಪಾ ಎಂಬಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಪರೀಕ್ಷಿಸಿ 1970ರ ದಶಕದಲ್ಲಿ ಈ ಅಂಗಗಳ ಬಗೆಗಳನ್ನು ಬಿಡಿಸಿಟ್ಟರು. ಒಂದು ಮರವನ್ನು ಅರಿಯಲು ನೂರೈವತ್ತು ವರ್ಷ, ಹಲವು ದೇಶ, ಹಲವು ಕಣ್ಣುಗಳು ಬೇಕಾದವು.

ಇಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿಯೊಂದಿದೆ. ಇವರೆಲ್ಲ ನೋಡಿದ್ದು ಗಣಿಯವರು ಬೇಡವೆಂದು ಎಸೆದದ್ದನ್ನು. ಗಣಿಯವರಿಗೆ ಬೇಕಾದದ್ದು ಕಲ್ಲಿದ್ದಲು. ಎಲೆ ಇರುವ ಹಾಳೆಗಲ್ಲು ಅವರಿಗೆ ಕಸ. ಅದನ್ನು ಕಿತ್ತು ಗುಡ್ಡ ಹಾಕುತ್ತಾರೆ. ಇಂದಿಗೂ ಪಳೆಯುಳಿಕೆ ಹುಡುಕುವವರು ಆ ಕಸದ ಗುಡ್ಡದ ಬುಡದಲ್ಲೇ ಕೂತು ಒಂದೊಂದು ಕಲ್ಲನ್ನು ಬಿಡಿಸುತ್ತಾರೆ. ಬೆಲೆ ಬಾಳುವುದು ಉರಿದು ಬೂದಿಯಾಗುತ್ತದೆ, ಕಥೆ ಹೇಳುವುದು ಕಸದಲ್ಲಿ ಉಳಿಯುತ್ತದೆ. ನಮ್ಮ ಹೆಂಗಸರ ಇತಿಹಾಸವೂ ಹೆಚ್ಚುಕಡಿಮೆ ಹೀಗೇ ಅಲ್ಲವೇ? ದಫ್ತರದಲ್ಲಿ ಹೊಲ ಮನೆಯ ಲೆಕ್ಕ ಉಳಿದಿದೆ, ಯಾರ ಹೆಸರಿಗೆ ಎಷ್ಟು ಎಕರೆ ಎಂಬುದು ಉಳಿದಿದೆ. ಹಳಿಯ ಬದಿಗೆ ಬೂದಿ ಕೆದರಿ ಮಕ್ಕಳಿಗೆ ರೊಟ್ಟಿ ಸುಟ್ಟವರ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ. ಅದು ಬೀಸುವ ಕಲ್ಲಿನ ಪದಗಳಲ್ಲಿದೆ, ಕೌದಿಯ ಹೊಲಿಗೆಯಲ್ಲಿದೆ, ಹಳೆಯ ಟ್ರಂಕಿನ ಅಡಿಯಲ್ಲಿದೆ. ಯಾರಾದರೂ ಕೂತು ಬಿಡಿಸಿದರೆ ಕಂಡೀತು.

ಇದೆಲ್ಲ ಎಲ್ಲೋ ಬಂಗಾಲದ, ಆಫ್ರಿಕದ ಮಾತು, ನಮಗೇನು ಎನ್ನಬೇಡಿ. ತೆಲಂಗಾಣದ ಗೋದಾವರಿ ಕಣಿವೆಯಲ್ಲಿ ಇದೇ ಗೊಂಡ್ವಾನಾ ಕಲ್ಲುಗಳಿವೆ. ಯೆಲ್ಲಂದು ಹತ್ತಿರ ಸಿಕ್ಕ ಕಲ್ಲಿದ್ದಲನ್ನು ತೆಗೆಯಲು 1886ರಲ್ಲಿ ನಿಜಾಮರ ಸೀಮೆಯಲ್ಲಿ ಕಂಪನಿಯೊಂದು ಹಕ್ಕು ಪಡೆಯಿತು. ಅದೇ 1920ರಲ್ಲಿ ಸಿಂಗರೇಣಿ ಕಂಪನಿಯಾಯಿತು. ರಾಯಚೂರಿನ ಶಕ್ತಿನಗರದ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಲ್ಲಿಗೆ ಸಿಂಗರೇಣಿಯಿಂದ ವ್ಯಾಗನ್ ಗಟ್ಟಲೆ ಕಲ್ಲಿದ್ದಲು ಬರುತ್ತದೆ. ನಮಗೆ ಇನ್ನೂ ಹತ್ತಿರ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್‌ನ ಕೇಂದ್ರವಿದೆ. ಅಲ್ಲಿಯೂ ಉರಿಯುವುದು ಕಲ್ಲಿದ್ದಲೇ. ಭಾರತದಲ್ಲಿ ತೆಗೆಯುವ ಕಲ್ಲಿದ್ದಲು ಬಹುತೇಕ ಎಲ್ಲ ಗೊಂಡ್ವಾನಾ ಕಾಲದ್ದು. ನಮ್ಮ ಮಿಕ್ಸರ್ ತಿರುಗಿದಾಗ, ಪಂಪಿನಿಂದ ತೊಟ್ಟಿಗೆ ನೀರು ಏರಿದಾಗ, ಮಕ್ಕಳು ಪರೀಕ್ಷೆಗೆ ದೀಪ ಹಚ್ಚಿ ಕೂತಾಗ ಆ ನಾಲಿಗೆ ಎಲೆಯ ಕಾಡಿನ ಒಂದಿಷ್ಟು ಭಾಗ ಉರಿದಿರುತ್ತದೆ. ಶೆಗಡಿ ಹೋಯಿತು, ಹೊಗೆ ಹೋಯಿತು, ಕಣ್ಣುರಿ ಹೋಯಿತು. ನಾನೂ ಬೇಡ ಎನ್ನುವವಳಲ್ಲ. ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಹೋದ ತಾಯಂದಿರನ್ನು ಕಂಡವರು ಹಾಗೆ ಅನ್ನಲಾರರು. ಆದರೆ ನಮ್ಮ ಮನೆಯಿಂದ ಹೋದ ಹೊಗೆ ಎಲ್ಲಿಗೆ ಹೋಯಿತು ಎಂದು ಕೇಳುವುದನ್ನಾದರೂ ಬಿಡಬಾರದು.

ಕೇಳಬೇಕಾದ ಕಾರಣವನ್ನೂ ಈ ಎಲೆಯೇ ಹೇಳುತ್ತದೆ. ಸುಮಾರು ಐದು ಕೋಟಿ ವರ್ಷ ದಕ್ಷಿಣದ ನೆಲವನ್ನೆಲ್ಲ ಆಳಿದ ಗ್ಲಾಸಾಪ್ಟೆರಿಸ್ ಕಾಡು 25 ಕೋಟಿ 20 ಲಕ್ಷ ವರ್ಷಗಳ ಹಿಂದೆ, ಭೂಮಿಯ ಲೆಕ್ಕದಲ್ಲಿ ಒಂದು ರೆಪ್ಪೆ ಹೊಡೆಯುವಷ್ಟರಲ್ಲಿ, ಇಲ್ಲವಾಯಿತು. ಆ ಸಮಯದಲ್ಲಿ ಉತ್ತರದ ಸೈಬೀರಿಯದಲ್ಲಿ ನೆಲ ಬಿರಿದು ಲಾವಾ ಹರಿಯಿತು. ಆ ಲಾವಾ ದಾರಿಯಲ್ಲಿದ್ದ ಕಲ್ಲಿದ್ದಲಿನ ಪದರಗಳನ್ನು ಸುಟ್ಟಿತೆಂಬುದಕ್ಕೆ ಅಲ್ಲಿಯ ಕಲ್ಲುಗಳಲ್ಲೇ ಕುರುಹುಗಳು ಸಿಕ್ಕಿವೆ. ಲಾವಾದ ಅನಿಲ, ಸುಟ್ಟ ಕಲ್ಲಿದ್ದಲಿನ ಹೊಗೆ ಎರಡೂ ಆಕಾಶ ತುಂಬಿದವು, ಭೂಮಿ ಕಾದಿತು. ಕಡಲಿನ ಜೀವಜಾತಿಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಅಳಿದವು. ಜವುಗು ಕಾಡುಗಳು ಎಂಥ ಹೊಡೆತ ತಿಂದವೆಂದರೆ ಮುಂದೆ ಸುಮಾರು ಒಂದು ಕೋಟಿ ವರ್ಷ ಭೂಮಿಯ ಮೇಲೆ ಎಲ್ಲಿಯೂ ಕಲ್ಲಿದ್ದಲೇ ಆಗಲಿಲ್ಲ. ಅಜ್ಜಿ ಹೇಳುವ ಮಾತಿನ ಉಳಿದರ್ಧ ಇಲ್ಲಿ ನಿಜವಾಗುತ್ತದೆ. ಭೂಮಿತಾಯಿ ಒಮ್ಮೆ ತಾನೇ ಕಲ್ಲಿದ್ದಲು ಸುಟ್ಟಿದ್ದಳು. ಅದರ ಫಲ ಹೀಗಾಯಿತು.

ನಮ್ಮ ಉಗಾರದ ಕರಿಕಲ್ಲು ಅಂಥದೇ ಇನ್ನೊಂದು ಲಾವಾ, ಬಹಳ ಕಾಲದ ನಂತರದ್ದು. ಆ ಹೊತ್ತಿಗೆ ಭಾರತ ಗೊಂಡ್ವಾನಾದ ಮನೆಯಿಂದ ಬೇರೆಯಾಗಿ ಒಂಟಿಯಾಗಿ ಸಮುದ್ರದ ನಡುವೆ ಉತ್ತರಕ್ಕೆ ಸಾಗುತ್ತಿತ್ತು. ಲಾವಾ ಒಂದೇ ಸಲ ಹರಿಯಲಿಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವಿತ್ತು. ಆ ಬಿಡುವಿನಲ್ಲಿ ಕೆರೆಗಳಾದವು, ಗಿಡಗಳು ಚಿಗುರಿದವು. ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಮೋಹಗಾಂವ್ ಕಲಾಂ ಎಂಬ ಊರಿನಲ್ಲಿ ಎರಡು ಲಾವಾ ಪದರಗಳ ನಡುವೆ ಅಂಥ ಗಿಡಗಳ ಕಾಯಿ, ಕಾಂಡ ಕಲ್ಲಾಗಿ ಸಿಗುತ್ತವೆ. ಸಾಹನಿಯವರೂ ಅವರ ಶಿಷ್ಯರೂ ಅವನ್ನು ಅಭ್ಯಾಸ ಮಾಡಿದರು. ಕಲಾಂ ಎಂದರೂ ಪಾರಸಿಯಲ್ಲಿ ದೊಡ್ಡದು ಎಂದೇ ಅರ್ಥ. ಅದು ಆ ಸೀಮೆಯ ಬುದ್ರುಕ. ಲಾವಾ ತಣಿದು ಸವೆದು ನಮಗೆ ಕೊಟ್ಟದ್ದು ಎರಿ ಭೂಮಿಯನ್ನು, ಅದರಲ್ಲಿ ಬೆಳೆಯುವ ಕಬ್ಬನ್ನು. ಕೆಟ್ಟದ್ದೂ ಕಾಲಾಂತರದಲ್ಲಿ ಒಳ್ಳೆಯದಾಗುತ್ತದೆ ಎಂದು ಸಮಾಧಾನ ಹೇಳಬಹುದು. ಆದರೆ ಆ ಕಾಲಾಂತರ ಕೋಟಿ ವರ್ಷಗಳ ಲೆಕ್ಕದ್ದು. ನಮ್ಮ ಮೊಮ್ಮಕ್ಕಳಿಗೆ ಅಷ್ಟು ತಾಳ್ಮೆಯಿಂದ ಇರಿ ಎಂದು ಹೇಳುವಂತಿಲ್ಲ.

ಕಲ್ಲಿದ್ದಲಿನ ಯುಗ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಾಲು ಇತ್ತು. ಈಗ ಅದು 420ನ್ನು ದಾಟಿದೆ. ಐದು ಕೋಟಿ ವರ್ಷ ಕಾಡು ಕೂಡಿಟ್ಟದ್ದನ್ನು ನಾವು ಹತ್ತೆಂಟು ತಲೆಮಾರುಗಳಲ್ಲಿ ತೆಗೆದು ಉರಿಸುತ್ತಿದ್ದೇವೆ. ಅಡಿಗೆಮನೆ ನಡೆಸುವ ನಮಗೆ ಈ ಲೆಕ್ಕ ಬೇಗ ತಿಳಿಯಬೇಕು. ವರ್ಷದ ಕಾಳನ್ನು ಒಂದೇ ಹಬ್ಬಕ್ಕೆ ಬೇಯಿಸಿ ಹಾಕುವ ಸೊಸೆಗೆ ಅತ್ತೆ ಏನನ್ನುತ್ತಾಳೆ? ನಮ್ಮ ಹೊಲಗಳಲ್ಲೂ ಇದೇ ಮಾತು. ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ ಬೆಂಕಿ ಹಚ್ಚಿದರೆ ರಾತ್ರಿಯೆಲ್ಲ ಕೆಂಪು ಉರಿ, ಬೆಳಗಾದರೆ ಅಂಗಳದ ತುಂಬ ಕರಿ. ಅದೇ ರವದಿಯನ್ನು ಸಾಲಿನಲ್ಲಿ ಮುಚ್ಚಿದರೆ ತೇವ ಉಳಿಯುತ್ತದೆ, ಮಣ್ಣು ಮೆತ್ತಗಾಗುತ್ತದೆ. ಕಬ್ಬಿನ ಸಿಪ್ಪೆಯನ್ನೇ ಉರಿಸಿ ಸಕ್ಕರೆ ಕಾರಖಾನೆಗಳು ಕರೆಂಟು ಮಾಡುತ್ತವೆ. ಹೋದ ವರ್ಷ ಗಾಳಿಯಿಂದ ಕಬ್ಬು ಹೀರಿಕೊಂಡದ್ದೇ ಈ ವರ್ಷ ಗಾಳಿಗೆ ಮರಳುತ್ತದೆ. ಮುಚ್ಚಬೇಕಾದ ಎಲೆ ಯಾವುದು, ಉರಿಸಬಹುದಾದದ್ದು ಯಾವುದು ಎಂಬ ವಿವೇಕ ನಮ್ಮ ಕೈಯಲ್ಲೇ ಇದೆ.

ನಮ್ಮ ಕಡೆಯ ಹೆಣ್ಣುಮಕ್ಕಳು ಕಾಶಿಯಾತ್ರೆಗೆ ಹೋಗುವುದು ಹೆಚ್ಚಾಗಿದೆ. ಕಾಶಿ, ಪ್ರಯಾಗ, ಅಯೋಧ್ಯೆ ಮುಗಿಸಿ ಲಖನೌ ಮೇಲೆ ಬರುವವರೂ ಬಹಳ ಮಂದಿ. ಅಲ್ಲಿ ಚಿಕನ್ ಕಸೂತಿಯ ಸೀರೆ ಕೊಳ್ಳುವುದಕ್ಕೆ ಅರ್ಧ ದಿನ ಹೋಗುತ್ತದೆ, ಹೋಗಲಿ. ಸಾಹನಿ ಸಂಸ್ಥೆಯ ಕಡೆಗೂ ಒಂದು ತಾಸು ಮಾಡಿಕೊಳ್ಳಿ. 77 ಪಳೆಯುಳಿಕೆಗಳ ಆ ಅಡಿಗಲ್ಲು ಅಲ್ಲಿದೆ. ಸಾವಿತ್ರಿಯವರು ಕಾಯ್ದ ಕಟ್ಟಡ ಅಲ್ಲಿದೆ. ಜೊತೆಗೆ ಮೊಮ್ಮಗಳಿದ್ದರೆ, ಮಾವಿನ ಎಲೆಯಂತೆ ಕಾಣುವ ಆ ಕಲ್ಲಿನ ಎಲೆಯನ್ನು ತೋರಿಸಿ, ನಮ್ಮ ಮನೆಯ ದೀಪ ಉರಿಯುವುದು ಇದರಿಂದ ಎಂದು ಹೇಳಿ. ಮುಂದಿನ ಪ್ರಶ್ನೆಯನ್ನು ಅವಳೇ ಕೇಳುತ್ತಾಳೆ.